ಮಂಚದ ಕಾಲ್ದೆಸೆಯ ಆ ಜಾಗ ಯಾರದು?

ಮಾನ್ಯ ಆಸ್ಪತ್ರೆ ನಿರ್ದೇಶಕರೇ,

ಡಾಕ್ಟರ್ ತಾಕ್ ಅವರನ್ನು ಅಪಘಾತ ವಿಭಾಗದಿಂದ ಎತ್ತಿ ಆರೋಗ್ಯ ತಪಾಸಣೆಯ ಕೋಣೆಯಲ್ಲಿ ಕೂರಿಸಿದ್ದೀರಿ. ಅದು ಅವರದೇ ಕೋರಿಕೆ ಎನ್ನುತ್ತಿದೆ ನಿಮ್ಮ ಕಚೇರಿ. ನಾನು ನಂಬುವುದಿಲ್ಲ. ಮೈಯೆಲ್ಲ ಜಜ್ಜಿಹೋದವರನ್ನು ಉಳಿಸುತ್ತಿದ್ದ ಆಕೆಗೆ ಗಟ್ಟಿಮುಟ್ಟಾದವರ ತೂಕ ನೋಡುವ ಆಸೆ ದಿಢೀರನೆ ಹುಟ್ಟಿತೇ? ಅದೂ ನನ್ನ ಗಂಡ ಬದುಕಿ ಮನೆಗೆ ಬಂದ ಬೆನ್ನಿಗೇ?

ತಾವು ಮರೆತಿದ್ದರೆ ನೆನಪಿಸುತ್ತೇನೆ. ಕೋಸು ತುಂಬಿದ ನಮ್ಮ ಲಾರಿ ಬೆಟ್ಟದ ತಿರುವಿನಲ್ಲಿ ಮಗುಚಿತು. ನನಗೆ ಮುರಿದದ್ದು ಒಂದು ಕೈ. ನನ್ನ ಗಂಡ ಇನ್ಹೊ ಅವರಿಗೆ ತೊಡೆಮೂಳೆ, ಪಕ್ಕೆಲುಬು, ಜೊತೆಗೆ ಹೊಟ್ಟೆಯೊಳಗೆ ರಕ್ತಸ್ರಾವ. ಪಕ್ಕದ ಮಂಚದಲ್ಲಿ ಮಲಗಿ, ಅರ್ಧ ಎಳೆದ ಪರದೆಯ ಸಂದಿಯಿಂದ ನಾನು ಎಲ್ಲವನ್ನೂ ನೋಡಿದೆ. ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿ ಒಬ್ಬೊಬ್ಬರ ಜಾಗ ಗುರುತು ಮಾಡಿದ್ದೀರಿ. ತಲೆಯ ಬಳಿ ಉಸಿರು ನೋಡುವವರು, ಬದಿಯಲ್ಲಿ ರಕ್ತ ಕೊಡುವವರು, ಕಾಲ್ದೆಸೆಯಲ್ಲಿ ತಂಡದ ಮುಖ್ಯಸ್ಥರು. ಮುಖ್ಯಸ್ಥರು ರೋಗಿಯನ್ನು ಮುಟ್ಟುವುದಿಲ್ಲ. ಎಲ್ಲರ ಮೇಲೂ ಕಣ್ಣಿಟ್ಟು ಮುಂದೇನು ಎಂದು ಹೇಳುತ್ತಾರೆ. ಅಂದು ಅಲ್ಲಿ ನಿಂತಿದ್ದವರು ಡಾಕ್ಟರ್ ತಾಕ್.

ಆಗ ನಿಮ್ಮ ಹಿರಿಯ ಮೂಳೆ ಪ್ರಾಧ್ಯಾಪಕರ ಆಗಮನವಾಯಿತು. ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿದರು. ನಾವು ಕೊರಿಯಾದವರಲ್ಲವೇ, ಹಿರಿಯರು ಬಂದರೆ ಸಾಯುತ್ತಿರುವವನೂ ಒಂದು ಗಳಿಗೆ ಕಾಯಬೇಕು. ಡಾಕ್ಟರ್ ತಾಕ್ ರೂಢಿಯಂತೆ ಜಾಗ ಬಿಟ್ಟುಕೊಟ್ಟರು. ಪ್ರಾಧ್ಯಾಪಕರಿಗೆ ಕಂಡದ್ದು ಮುರಿದ ಕಾಲು ಮಾತ್ರ. ತೊಡೆಯನ್ನೇ ಮೊದಲು ಸರಿಮಾಡಲು ಹೊರಟರು. ಬಿಪಿ ಇಳಿಯುತ್ತಿದೆ ಎಂದು ನರ್ಸ್ ಒಬ್ಬರು ಹೇಳಿದ್ದು ಅವರ ಮಾಸ್ಕಿನ ಆಚೆಗೂ ಹೋಗಲಿಲ್ಲ. ಹೊಟ್ಟೆಯೇ ಮೊದಲು ಎಂದು ಇಡೀ ತಂಡಕ್ಕೆ ಗೊತ್ತಿತ್ತು, ಆದರೂ ಎಲ್ಲರೂ ಕಾಲಿನ ಕಡೆಗೇ ಕೈ ಹಾಕಿದರು.

"ಸರ್, ಕಾಲು ಆಮೇಲೆ. ಹೊಟ್ಟೆ ಒಳಗೆ ರಕ್ತ ಹೋಗ್ತಾ ಇದೆ. ನನ್ನ ಜಾಗ ಬಿಡಿ," ಎಂದರು ಡಾಕ್ಟರ್ ತಾಕ್.

"ಯಾರ ಹತ್ರ ಮಾತಾಡ್ತಿದೀಯ, ಗೊತ್ತಾ?"

"ಗೊತ್ತು ಸರ್. ಪಕ್ಕಕ್ಕೆ ನಿಲ್ಲಿ."

ಆಮೇಲೆ ತಂಡಕ್ಕೆ ಜೀವ ಬಂತು. ಹೊಟ್ಟೆ ತೆರೆದು ರಕ್ತ ನಿಲ್ಲಿಸಿದರು. ತೊಡೆಮೂಳೆ ಮರುದಿನದವರೆಗೆ ಕಾಯಿತು, ಅದಕ್ಕೇನೂ ಅವಮಾನವಾಗಲಿಲ್ಲ.

ಈಗ ನಿಮ್ಮ ಹೆಬ್ಬಾಗಿಲಲ್ಲಿ "ಒಂದೇ ತಂಡ, ಒಂದೇ ಮನಸ್ಸು" ಎಂಬ ಫಲಕ ತೂಗುತ್ತಿದೆ. ಅದರ ಮೇಲಿನ ಚಿತ್ರದಲ್ಲಿ ಮಂಚದ ಕಾಲ್ದೆಸೆಗೆ ನಿಂತವರು ಅದೇ ಪ್ರಾಧ್ಯಾಪಕರು. ಇದು ಛಾಯಾಗ್ರಾಹಕನ ಆಯ್ಕೆಯೋ, ತಮ್ಮದೋ? ಸುಗ್ಗಿಯ ಚುಸೊಕ್ ಹಬ್ಬಕ್ಕೆ ನಿಮ್ಮ ಕಚೇರಿಯಿಂದ ನಮ್ಮ ಮನೆಗೆ ಪೇರ್ ಹಣ್ಣಿನ ಪೆಟ್ಟಿಗೆಯೂ ಬಂತು. ಈ ಊರಿನ ಎಷ್ಟು ರೋಗಿಗಳಿಗೆ ಆ ಭಾಗ್ಯ ಸಿಕ್ಕಿದೆ? ತಂದ ಗುಮಾಸ್ತ ಹೊಸಿಲಲ್ಲೇ ನಿಂತು ಕೇಳಿದ: "ಅಮ್ಮಾ, ಆ ಗಲಾಟೆಲಿ ನಿಮಗೆ ಏನೂ ಸರಿಯಾಗಿ ಕೇಳಿಸಿರಲ್ಲ ಅಲ್ವಾ?"

"ನನಗೆ ಮುರಿದಿದ್ದು ಕೈ ಕಣಪ್ಪ, ಕಿವಿ ಅಲ್ಲ," ಎಂದೆ.

"ಹಣ್ಣು ಏನು ತಪ್ಪು ಮಾಡ್ತು? ತಗೋ," ಎಂದರು ಒಳಗಿನಿಂದ ನನ್ನ ಗಂಡ.

ನನ್ನ ಬೇಡಿಕೆ ಒಂದೇ. ಡಾಕ್ಟರ್ ತಾಕ್ ಅವರನ್ನು ಕಾಲ್ದೆಸೆಯ ಆ ಬಣ್ಣದ ಪಟ್ಟಿಯ ಮೇಲೆ ಮತ್ತೆ ನಿಲ್ಲಿಸಿ. ಅಲ್ಲಿ ಯಾರೇ ನಿಂತಿರಲಿ, ಎಷ್ಟೇ ಹಿರಿಯರು ಬಂದರೂ ಅವರನ್ನು ಕದಲಿಸಕೂಡದು ಎಂದು ಬಹಿರಂಗವಾಗಿ ಹೇಳಿ. ನನ್ನ ಗಂಡ ಮತ್ತೆ ಲಾರಿ ಹತ್ತಿದ್ದಾರೆ. ದಾರಿ ಅದೇ, ತಿರುವೂ ಅದೇ. ಪಕ್ಕದಲ್ಲಿ ನಾನೇ ಕೂರುತ್ತೇನೆ. ಇನ್ನೊಮ್ಮೆ ಮಗುಚಿದರೆ "ಪಕ್ಕಕ್ಕೆ ನಿಲ್ಲಿ" ಎನ್ನಲು ಅಲ್ಲಿ ಯಾರಿರುತ್ತಾರೆ?

ಇಂತಿ,
ಗಂಡ ತಿಂದ ಒಂದು ಹಣ್ಣು ಬಿಟ್ಟು ಉಳಿದ ಪೆಟ್ಟಿಗೆಯನ್ನು ಹಿಂದಿರುಗಿಸುತ್ತಿರುವ,
ಕಿವಿ ನೆಟ್ಟಗಿರುವ,
ಮ್ಯೊಂಗ್ ಸುನೊಕ್