ಒಣಮೀನಿನ ಡಬ್ಬಿಯಲ್ಲಿ ಬಳೆ

14 ಡಿಸೆಂಬರ್ 2025, ಭಾನುವಾರ

ಇವತ್ತು ಮರ್ಯಾದೆ ಉಳಿದದ್ದು ನನ್ನ ಬುದ್ಧಿಯಿಂದ ಅಲ್ಲ. ಇದನ್ನು ಯಾರೂ ಓದುವುದಿಲ್ಲ, ಹಾಗಾಗಿ ಒಪ್ಪಿಕೊಳ್ಳುತ್ತೇನೆ.

ಅಕ್ಕನ ಮಗ ರತೀಶ್ ಬಾಡಿಗೆಗೆ ತಂದ ವ್ಯಾನಿನಲ್ಲಿ ಮಂಚ, ಒಲೆ, ಪಾಯಿಖಾನೆ ಎಲ್ಲ ಉಂಟು. ಕಪಾಟಿಗೆ ಮಾತ್ರ ಬೀಗವಿಲ್ಲ. ನಿನ್ನೆ ಕೋಟದಿಂದ ಹೊರಡುವಾಗ ನನ್ನ ಹೆಂಡತಿ ಚಂದ್ರಮತಿಯ ನಾಲ್ಕು ಬಂಗಾರದ ಬಳೆಗಳನ್ನು ಗಂಗೊಳ್ಳಿಯ ಒಣಮೀನಿನ ಡಬ್ಬಿಯ ಅಡಿಗೆ ಹಾಕಿದೆ. ಅವಳ ಅಮ್ಮನ ಬಳೆಗಳವು. "ನಾನ್ ಇಟ್ಟ ಜಾಗ ಪೊಲೀಸರಿಗೂ ಸಿಕ್ಕುದಿಲ್ಲೆ" ಎಂದು ಕೊಚ್ಚಿಕೊಂಡೆ, ಜಾಗ ಮಾತ್ರ ಅವಳಿಗೂ ಹೇಳಲಿಲ್ಲ.

ಇವತ್ತು ಕೊಲ್ಲೂರು ತಲುಪಿದ ಮೇಲೆ ಅವಳು ಬಳೆ ಕೇಳಿದಳು. ನೋಡಿದರೆ ಡಬ್ಬಿಯೇ ಇಲ್ಲ.

"ಮೀನಿನ್ ಡಬ್ಬಿ ಎಲ್ಲಿತ್ತ್?"

"ದೇವಸ್ಥಾನಕ್ಕ್ ಮೀನ್ ಹಿಡ್ಕಂಡ್ ಹೋಪುದಾ? ಬೈಂದೂರಂಗೆ ಚಾ ಅಂಗಡಿ ಸಾಧಮ್ಮನಿಗೆ ಕೊಟ್ಟೆ."

ವಿಷಯ ಹೇಳಿದೆ. ಬೈಯಲಿಲ್ಲ ಅವಳು, ಬರಿಗೈ ನೋಡಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ವ್ಯಾನ್ ತಿರುಗಿಸಿ ಬಂದರೆ, ಬಾಗಿಲು ಹಾಕಿದ ಅಂಗಡಿಯ ಎದುರು ಸಾಧಮ್ಮ ನಿಂತಿದ್ದರು. ಬಳೆ ಸೆರಗಿನ ಗಂಟಿನಲ್ಲಿತ್ತು.

"ನಿಮ್ ಫೋನ್ ನಂಬ್ರ ಗೊತ್ತಿಲ್ಲೆ. ಇದೇ ದಾರ್‍ಯಂಗೆ ಬತ್ರಿ ಅಂದೇಳಿ ನಿಂತೆ. ಬಳೆ ತಕಣಿ ಮಾರಾಯ್ರೆ. ಮೀನ್ ಮಾತ್ರ ಕೇಳ್ಬೇಡಿ, ಸಾರಿಗ್ ಹಾಕಿ ಆಯ್ತ್."

ಕೊಲ್ಲೂರಲ್ಲಿ ಮುಗಿಯಬೇಕಿದ್ದ ಕೈಯನ್ನು ಬೈಂದೂರಿನ ಚಾ ಅಂಗಡಿ ಎದುರು ಮುಗಿದೆ.

ಹುಣಸೆಹುಳಿಯಲ್ಲಿ ಎರಡು ಸಲ ತೊಳೆದರೂ ಬಳೆಗೆ ಮೀನಿನ ವಾಸನೆ ಉಂಟು. ಆದರೂ ಚಂದ್ರಮತಿ ಆ ಕೈಯನ್ನೇ ಕೆನ್ನೆಯಡಿಗೆ ಇಟ್ಟುಕೊಂಡು ಮಲಗಿದ್ದಾಳೆ. ನಾಳೆ ಮತ್ತೆ ಕೊಲ್ಲೂರಿಗೆ. ಆ ವಾಸನೆಗೆ ದೇವಿ ಎಂತ ಹೇಳುತ್ತಾಳೋ, ಬಳೆ ಇಡುವ ಜಾಗ ಮಾತ್ರ ಇನ್ನು ಚಂದ್ರಮತಿಯೇ ಹುಡುಕಲಿ.