ಚೈನಾಟೌನಿನಲ್ಲಿ ನಾಗದರ್ಶನ

ಸ್ಟಾಕ್‌ಪೋರ್ಟ್
22-4-2012, ಭಾನುವಾರ

ಪ್ರೀತಿಯ ಅಂಬುಜಕ್ಕನಿಗೆ ನಿನ್ನ ಚಿತ್ರಾಕ್ಷಿ ಮಾಡುವ ನಮಸ್ಕಾರಗಳು.

ನೀನು ಸೌಖ್ಯವೆಂದು ರಾಮಚಂದ್ರ ಭಾವನಿಂದ ತಿಳಿಯಿತು. ನಾವೂ ಸೌಖ್ಯ. ಕಾಗದ ಬರೆಯದೆ ಎಷ್ಟು ಕಾಲವಾಯಿತೋ ಏನೋ, ಪೆನ್ನು ಹಿಡಿದರೆ ಬೆರಳು ನೋಯುತ್ತದೆ. ತಡವಾದದ್ದಕ್ಕೆ ಬೈಯಬೇಡ. ಫೋನ್ ಮಾಡೋಣವೆಂದರೆ ನೀನು ಎತ್ತಿದರೆ ತಾನೇ? ರಿಂಗ್ ಆಗಿ ಆಗಿ ನಿಂತುಹೋಗುತ್ತದೆ. ಇಲ್ಲವಾದರೆ ಭಾವ ಎತ್ತಿ, “ಅವಳು ಸ್ನಾನಕ್ಕೆ ಹೋಗಿದ್ದಾಳೆ” ಅನ್ನುತ್ತಾರೆ. ಎರಡು ವರ್ಷದಿಂದ ಸ್ನಾನ ಮಾಡುತ್ತಿದ್ದಿ ಅಕ್ಕಾ, ಇನ್ನಾದರೂ ಮೈ ಒರೆಸಿಕೊಂಡು ಈಚೆ ಬಾ.

ಈ ಸಲ ಬಿಸುವಿಗೆ, ನಮ್ಮ ಹೊಸ ವರ್ಷಕ್ಕೆ, ನಾನು ದೇವರ ಮುಂದೆ ಕಣಿ ಇಡಲಿಲ್ಲ. ಹಣ್ಣು, ತೆಂಗಿನಕಾಯಿ, ಕನ್ನಡಿ ಎಲ್ಲ ತಂದಿಟ್ಟಿದ್ದೆ, ಅಷ್ಟರಲ್ಲಿ ಹೆರಿಗೆಯ ಸೂತಕ, ಅಮೆ ಬಂತು. ಮಗಳು ಚರಿಷ್ಮಾಳಿಗೆ ಹೆಣ್ಣು ಮಗು. ಈಸ್ಟರ್ ರಜೆ ಮುಗಿದ ಮರುದಿನ ಹುಟ್ಟಿತು. ತಲೆ ತುಂಬ ಕೂದಲು, ಕಣ್ಣು ಅಪ್ಪನದ್ದು, ಹಠ ಯಾರದ್ದೆಂದು ನಾನು ಹೇಳುವುದಿಲ್ಲ, ನೀನೇ ಅರ್ಥ ಮಾಡಿಕೋ.

ಎರಡು ವರ್ಷದ ಹಿಂದೆ ಅವಳು ಕೆಲ್ವಿನ್ ಲಾವ್‌ನನ್ನು ಮದುವೆಯಾದಾಗ ನೀನು ನನಗೆ ಹೇಳಿದ ಕೊನೆಯ ಮಾತು ನೆನಪುಂಟಾ? “ಹಾವಿಗೆ ಹಾಲೆರೆದ ಹಾಗಾಯ್ತು.” ನಾಗನಿಗೆ ವರ್ಷ ವರ್ಷ ತನು ಅಂತ ಹಾಲೆರೆಯುವ ನಾವೇ ಇಂಥ ಗಾದೆ ಹೇಳಬಹುದಾ ಅಂತ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನೀನು ಫೋನ್ ಇಟ್ಟಿದ್ದಿ. ನಿನಗೆ ನೋವಾದದ್ದು ನನಗೆ ತಿಳಿಯದ್ದಲ್ಲ. ನಾವು ಈ ಊರಿಗೆ ಬಂದಾಗ ಅವಳು ಇನ್ನೂ ತೆವಳುವ ಮಗು, ನಿನ್ನ ಕೈಯಲ್ಲೇ ಬಿಟ್ಟು ಬಂದೆವು. ನಮಗೊಂದು ನೆಲೆಯಾಗಿ ಅವಳು ಶಾಲೆಗೆ ಸೇರುವವರೆಗೆ ಹೆಜಮಾಡಿಯಲ್ಲಿ ನಿನ್ನ ಸೆರಗು ಹಿಡಿದುಕೊಂಡೇ ಬೆಳೆದವಳು. ಅವಳು ನಿನ್ನನ್ನು ಒಂದು ಮಾತು ಕೇಳದೆ ಮದುವೆಯಾದಳು. ತಪ್ಪೇ. ಆದರೆ ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದಿ, ಅದೂ ಅವಳಿಗೆ ಗೊತ್ತಿತ್ತು.

ನಮ್ಮ ಯಜಮಾನರ ಕಥೆ ಇನ್ನೊಂದು. ಚೆನ್ನಯ್ಯನವರು ಕೂಗಾಡಲಿಲ್ಲ, ಅಳಲೂ ಇಲ್ಲ. ಮಗಳನ್ನು ಮಾತಿನಿಂದಲೇ ತೆಗೆದುಹಾಕಿದರು. ಅವಳ ಫೋನ್ ಬಂದರೆ “ನಿನಗೆ” ಅಂತ ನನ್ನ ಕೈಗೆ ಕೊಟ್ಟು ತೋಟಕ್ಕೆ ಹೋಗಿಬಿಡುವುದು. ಹಿಮ ಬೀಳುತ್ತಿರಲಿ, ಆಲಿಕಲ್ಲು ಬೀಳಲಿ, ತೋಟಕ್ಕೇ. ಅಳಿಯನ ಜೊತೆಯಂತೂ ಒಂದಕ್ಷರ ಇಲ್ಲ. ಅವಳು ಬಸುರಿ ಅಂತ ತಿಳಿದ ಮೇಲೆ ನನಗೆ ಇದೊಂದೇ ಚಿಂತೆ. ಕೂಸು ಕಣ್ಣು ಬಿಡುವ ಮೊದಲು ಈ ಮನುಷ್ಯ ಬಾಯಿ ಬಿಡುತ್ತಾರಾ ಇಲ್ಲವಾ?

ಕೆಲ್ವಿನ್‌ನ ಅಮ್ಮ ಲಾವ್ ಆಂಟಿ ನಮ್ಮ ಬೀದಿಯ ಕೊನೆಯಲ್ಲೇ ಇರುವುದು. ಹಾಂಗ್‌ಕಾಂಗಿನವರು. ಟೇಕ್‌ಅವೇ ನಡೆಸಿ ಮಗನನ್ನು ಓದಿಸಿದ ಹೆಂಗಸು. ಗಂಡ ತೀರಿಹೋಗಿದ್ದಾನೆ. ನನಗಿಂತ ಗಿಡ್ಡ, ನನಗಿಂತ ಜೋರು. ಮೊದಮೊದಲು ಅವರೂ ಮುಖ ಊದಿಸಿಕೊಂಡಿದ್ದರು. ಬಸುರಿನ ಸುದ್ದಿ ಬಂದ ದಿನ ಮಾತ್ರ ಕಿತ್ತಳೆ ಹಣ್ಣಿನ ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದು, “ಡ್ರ್ಯಾಗನ್! ಡ್ರ್ಯಾಗನ್ ಮಗು!” ಅಂತ ಕೈ ಹಿಡಿದು ಕುಲುಕಿದರು. ಅವರಲ್ಲಿ ಹನ್ನೆರಡು ಪ್ರಾಣಿಗಳ ಹೆಸರಿನಲ್ಲಿ ವರ್ಷಗಳು ಸುತ್ತುತ್ತವಂತೆ, ಇಲಿ, ಹುಲಿ, ಮೊಲ ಅಂತ. ಅದರಲ್ಲಿ ಡ್ರ್ಯಾಗನ್ ವರ್ಷ ಅಂದರೆ ಎಲ್ಲರಿಗೂ ಮಗು ಬೇಕಂತೆ. ನಾನು ಸುಮ್ಮನಿರಲಾರದೆ ನಿನ್ನ ಹುಟ್ಟಿದ ವರ್ಷ ಹೇಳಿದೆ. ಐವತ್ತೆರಡು ಅಂದ ಕೂಡಲೇ ಅವರು ಬೆರಳು ಮಡಚಿ ಎಣಿಸಿ ಬಾಯಿ ತೆರೆದು ಕೂತರು. ನೀನೂ ಡ್ರ್ಯಾಗನ್ ಅಕ್ಕಾ! ಅದರಲ್ಲೂ ನೀರಿನ ಡ್ರ್ಯಾಗನ್. ಡ್ರ್ಯಾಗನ್ ಹನ್ನೆರಡು ವರ್ಷಕ್ಕೊಮ್ಮೆ ಬಂದರೂ ನೀರಿನದ್ದು ಬರುವುದು ಅರವತ್ತು ವರ್ಷಕ್ಕೊಮ್ಮೆ ಅಂತೆ. ನಿನ್ನದು ಮುಗಿದ ಮೇಲೆ ಈಗಲೇ ಬಂದದ್ದು.

ಅವರು ಹೋದ ಮೇಲೆ ನಾನು ಅಡುಗೆಮನೆಯ ಪಂಚಾಂಗ ತೆಗೆದೆ. ನೀನು ನಂದನ ಸಂವತ್ಸರದಲ್ಲಿ ಹುಟ್ಟಿದವಳು ಅಂತ ಅಮ್ಮ ಹೇಳುತ್ತಿದ್ದರಲ್ಲ? ಈ ಯುಗಾದಿಗೆ ಮತ್ತೆ ನಂದನವೇ! ಅವರ ಅರವತ್ತು, ನಮ್ಮ ಅರವತ್ತು, ಎರಡೂ ಒಂದೇ ಕಡೆ ಬಂದು ನಿಂತಿವೆ. ಒಲೆಯ ಮೇಲೆ ಗಂಜಿ ಉಕ್ಕಿ ಚೆಲ್ಲಿದ್ದೂ ತಿಳಿಯಲಿಲ್ಲ. ಕಿಟಕಿಯ ಹೊರಗೆ ಮಂಜು, ಮಂಜಿನಾಚೆ ಮ್ಯಾಂಚೆಸ್ಟರಿನ ಪಿಕಡಿಲಿಗೆ ಹೋಗುವ ರೈಲಿನ ಸದ್ದು. ಆ ಕ್ಷಣ ನನಗೆ ನಾನು ಯಾವ ಊರಿನಲ್ಲಿದ್ದೇನೆ, ನೀನು ಹುಟ್ಟುವವಳೋ ಹುಟ್ಟಿದವಳೋ ಒಂದೂ ಗೊತ್ತಾಗಲಿಲ್ಲ.

ಅಳಿಯನ ಬಗ್ಗೆಯೂ ಒಂದಿಷ್ಟು ಕೇಳು. ಅವನಿಗೆ ಹಡರ್ಸ್‌ಫೀಲ್ಡ್ ಲೈಬ್ರರಿಯಲ್ಲಿ ಸ್ಥಳೀಯ ಇತಿಹಾಸದ ವಿಭಾಗದಲ್ಲಿ ಕೆಲಸ. ಹಳೇ ನಕ್ಷೆ, ಮುಚ್ಚಿದ ಗಿರಣಿಗಳ ಫೋಟೋ, ಊರಿನ ಮುದುಕರ ಕಥೆ, ಇದೇ ಅವನ ಪ್ರಪಂಚ. ಇಂಗ್ಲೆಂಡಿನ ಈ ಉತ್ತರದ ಕಡೆ ಹಿಂದೆ ಡ್ರ್ಯಾಗನನ್ನು ಹುಳ ಅನ್ನುತ್ತಿದ್ದರಂತೆ. ನಮ್ಮಲ್ಲಿಯೂ ಹಾವೆನ್ನದೆ ಹುಳ ಅನ್ನುತ್ತೇವೆ ಅಂದಾಗ ಅವನು ಕುರ್ಚಿಯಿಂದ ಎದ್ದೇಬಿಟ್ಟ. ಆದರೆ ಇಲ್ಲಿಯ ಕಥೆಗಳಲ್ಲೆಲ್ಲ ಕೊನೆಗೆ ಯಾರಾದರೂ ಕತ್ತಿ ಹಿಡಿದು ಬಂದು ಅದನ್ನು ಕೊಲ್ಲುತ್ತಾನೆ. “ನಿಮ್ಮಲ್ಲಿ ಯಾರು ಕೊಂದದ್ದು ಆಂಟಿ?” ಅಂತ ಕೇಳಿದ. “ಕೊಲ್ಲುವುದಾ? ಅಯ್ಯೋ ದೇವರೇ! ನಾವು ಹಾಲು, ಎಳನೀರು ಎರೆದು, ಅರಸಿನ ಹಚ್ಚಿ ಕೈ ಮುಗಿಯುತ್ತೇವೆ” ಅಂದೆ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ಎಲ್ಲೋ ಬರೆದೂ ಇಟ್ಟುಕೊಂಡ.

ಚರಿಷ್ಮಾಳಿಗೆ ಬಸುರಿನಲ್ಲಿ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ಅವರ ಕಿಟಕಿಯಿಂದ ಕಾಣುವ ಗುಡ್ಡಕ್ಕೆ ಒಂದು ದೊಡ್ಡ ಹುಳ ಸುತ್ತು ಹಾಕಿ ಮಲಗಿದೆಯಂತೆ. ಅದು ಉಸಿರೆಳೆದರೆ ಗುಡ್ಡ ಮೇಲೇಳುತ್ತದಂತೆ, ಬಿಟ್ಟರೆ ಇಳಿಯುತ್ತದಂತೆ. ಮೈಮೇಲೆ ಕುರಿಗಳು ಮೇಯುತ್ತಿವೆಯಂತೆ. “ಹೆದರಿಕೆ ಆಯ್ತಾ?” ಅಂತ ಕೇಳಿದೆ. “ನೋ ಅಮ್ಮ, ಇಟ್ ವಾಸ್ ವಾರ್ಮ್” ಅಂದಳು. ಅವಳು ನನಗೆ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವುದು.

ಜನವರಿಯಲ್ಲಿ ಅವರ ಹೊಸ ವರ್ಷ ಬಂತು. ಮ್ಯಾಂಚೆಸ್ಟರಿನ ಚೈನಾಟೌನಿನಲ್ಲಿ ಡ್ರ್ಯಾಗನ್ ಮೆರವಣಿಗೆ. ಲಾವ್ ಆಂಟಿ ಬನ್ನಿ ಬನ್ನಿ ಅಂತ ಬೆನ್ನು ಬಿದ್ದರು. ನಾನು ಇವರಿಗೆ, “ಒಬ್ಬಳೇ ಹೋಗುತ್ತೇನೆ, ಆ ಜನಜಂಗುಳಿಯಲ್ಲಿ ಕಾಲು ಜಾರಿ ಬಿದ್ದರೆ ಯಾರಾದರೂ ಎತ್ತಿಯಾರು” ಅಂದೆ. ಇವರು ಕೋಟು ಹಾಕಿಕೊಂಡರು. ಅಳಿಯನೂ ಇರುತ್ತಾನೆ ಅಂತ ನಾನು ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಇವರು ಕೇಳಲಿಲ್ಲ.

ಅಕ್ಕಾ, ಆ ದಿನವನ್ನು ಹೇಗೆ ಹೇಳಲಿ! ತುಂತುರು ಮಳೆಯೂ ಅಲ್ಲ, ಹಿಮವೂ ಅಲ್ಲ, ನಡುವಿನದ್ದೊಂದು ಗಾಳಿಯಲ್ಲಿ ತೇಲುತ್ತಿತ್ತು. ಬೀದಿ ತುಂಬ ಕೆಂಪು ಗೂಡುದೀಪ, ಪಟಾಕಿಯ ಹೊಗೆ. ಎಲ್ಲಿಂದಲೋ ದೊಡ್ಡ ಚೆಂಡೆ, ಜೊತೆಗೆ ತಾಳ. ಆ ಪೆಟ್ಟು ಹತ್ತಿರ ಹತ್ತಿರ ಬಂತು. ಹೊಗೆಯೊಳಗಿಂದ ಮೊದಲು ಎರಡು ಕಣ್ಣು, ಆಮೇಲೆ ಗಡ್ಡ, ಕೋಡು, ಆಮೇಲೆ ಬಂಗಾರದ ಹುರುಪೆಯ ಮೈ. ಬೀದಿಯುದ್ದಕ್ಕೂ ಹೊರಳಿ, ಹೆಡೆ ಎತ್ತಿ, ಮತ್ತೆ ತಗ್ಗಿಸಿ ಬರುತ್ತಾ ಇತ್ತು. ಬಟ್ಟೆ ಸೊಂಟದವರೆಗೆ ಇಳಿಬಿದ್ದು ಹೊತ್ತವರ ಕಾಲು ಮಾತ್ರ ಕಾಣುತ್ತಿತ್ತು.

ತಿರುಗಿ ನೋಡುತ್ತೇನೆ, ಇವರು ಬೂಟು ಬಿಚ್ಚಿದ್ದಾರೆ! ಕಾಲುಚೀಲವನ್ನೂ ತೆಗೆದು ಕೋಟಿನ ಜೇಬಿಗೆ ತುರುಕಿ, ಆ ಮಂಜುಗಡ್ಡೆಯಂಥ ರಸ್ತೆಯಲ್ಲಿ ಬರಿಗಾಲಲ್ಲಿ ಕೈ ಮುಗಿದು ನಿಂತಿದ್ದಾರೆ. ಕಣ್ಣು ಮುಚ್ಚಿದೆ. ತುಟಿ ಅಲ್ಲಾಡುತ್ತಿದೆ. ಇವರ ಮಟ್ಟಿಗೆ ಅದು ಮ್ಯಾಂಚೆಸ್ಟರ್ ಅಲ್ಲ, ನಾಗದರ್ಶನವೇ. ಪಕ್ಕದ ಮಕ್ಕಳು ಕಿಸಕ್ಕೆಂದವು. ಹಳದಿ ಜಾಕೆಟಿನ ಒಬ್ಬ ಬಂದು, “ಏನೂ ತೊಂದರೆ ಇಲ್ಲವಲ್ಲ ಸರ್?” ಅಂತ ಕೇಳಿದ. ನನಗೆ ಮೊದಲು ನಾಚಿಕೆಯಾಯಿತು. ಮರುಕ್ಷಣ ನನ್ನ ಕೈಯೂ ಮೇಲೆ ಹೋಗಿತ್ತು.

ಡ್ರ್ಯಾಗನ್ ಇವರ ಮುಂದೆ ಬಂದು ನಿಂತಿತು. ತಲೆ ತಗ್ಗಿಸಿತು. ಎತ್ತಿತು, ಮತ್ತೆ ತಗ್ಗಿಸಿತು. ಇವರು ಅದರ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಗ ಗಡ್ಡದ ಹಿಂದಿನ ಬಟ್ಟೆ ಸರಿಯಿತು. ಒಳಗೆ ಕೋಲು ಹಿಡಿದವನು ಕೆಲ್ವಿನ್! ಮುಖವೆಲ್ಲ ಬೆವರು, ಏದುಸಿರು ಬಿಡುತ್ತಾ ಇದ್ದಾನೆ. ಕೋಲನ್ನು ಹಿಂದಿನವನಿಗೆ ಕೊಟ್ಟು ಹೊರಗೆ ಬಂದ. ಇವರ ಬರಿಗಾಲು ನೋಡಿದ್ದೇ, “ಚಳಿ, ಮಾವ, ಚಳಿ” ಅಂದ. ಮಗಳು ಕಲಿಸಿದ ಎರಡು ಶಬ್ದ. ರಸ್ತೆಯಲ್ಲೇ ಮೊಣಕಾಲೂರಿ ಬೂಟು ತೊಡಿಸಲು ಕೈ ಹಾಕಿದ.

ಇವರು ಬೆಂಕಿ ತಾಗಿದ ಹಾಗೆ ಹಿಂದೆ ಸರಿದರು. ಈಗ ಬೈದರು ಅಂತಲೇ ನಾನು ಲೆಕ್ಕ ಹಾಕಿದೆ. ಇವರು ಅವನ ಎರಡೂ ತೋಳು ಹಿಡಿದು ಮೇಲೆತ್ತಿ ಇಂಗ್ಲಿಷಿನಲ್ಲಿ ಹೇಳಿದರು, “ಬೇಡ ಬೇಡ. ಇವತ್ತು ನೀನು ನನ್ನ ಕಾಲು ಮುಟ್ಟಬಾರದು. ನೀನು ದೇವರನ್ನು ಹೊತ್ತವನು.” ಎರಡು ವರ್ಷದಲ್ಲಿ ಇವರು ಅಳಿಯನಿಗೆ ಹೇಳಿದ ಮೊದಲ ಮಾತು ಅದು. ನಾಗದರ್ಶನದಲ್ಲಿ ದೇವರು ಮೈಮೇಲೆ ಬಂದ ಪಾತ್ರಿಯಿಂದ ಕಾಲು ಮುಟ್ಟಿಸಿಕೊಳ್ಳುವವರುಂಟಾ? ಅಷ್ಟೇ ಇವರ ತಲೆಯಲ್ಲಿದ್ದದ್ದು. ಪಾಪ ಆ ಹುಡುಗನಿಗೆ ಒಂದೂ ಅರ್ಥವಾಗಲಿಲ್ಲ. ಆದರೂ ಅವನ ಕಣ್ಣು ತುಂಬಿತು. ಲಾವ್ ಆಂಟಿ ಜನರ ನಡುವೆ ನಿಂತು ಗೊಳೋ ಅಂತ ಅತ್ತರು. ನನ್ನದಂತೂ ಕೇಳಲೇಬೇಡ.

ರೈಲಿನಲ್ಲಿ ಇವರು ಜೇಬಿನಿಂದ ಕಾಲುಚೀಲ ತೆಗೆದು ಹಾಕಿಕೊಂಡರು. ಸ್ಟಾಕ್‌ಪೋರ್ಟ್ ಹತ್ತಿರ ಬಂದಾಗ, “ಅವನ ಮೈಯೆಲ್ಲ ಬೆವರು. ಹೊತ್ತವನಿಗೆ ಹೊಟ್ಟೆಗೆ ಏನಾದರೂ ಕೊಟ್ಟರೋ ಇಲ್ಲವೋ” ಅಂದರು. ಮುಂದಿನ ಶನಿವಾರ ತಾವೇ ಕೋರಿ ರೊಟ್ಟಿಯ ಪ್ಯಾಕೆಟ್ಟು, ಕೋಳಿ ಸಾರಿನ ಡಬ್ಬಿ ಕಾರಿನಲ್ಲಿಟ್ಟುಕೊಂಡು ಹಡರ್ಸ್‌ಫೀಲ್ಡಿಗೆ ಹೊರಟರು. ಬಾಗಿಲು ತೆಗೆದ ಚರಿಷ್ಮಾ “ಅಪ್ಪಾ” ಅಂದಳು. ಇವರು ಅವಳ ಹೊಟ್ಟೆ ನೋಡಿ, “ನಿಂತುಕೊಳ್ಳಬೇಡ, ಕೂತುಕೋ” ಅಂದರು. ಅಷ್ಟರಲ್ಲೇ ಎಲ್ಲ ಮುಗಿಯಿತು.

ಈಗ ಬಾಣಂತನ ಜೋರಾಗಿ ನಡೆಯುತ್ತಾ ಉಂಟು. ನಾನೂ ಲಾವ್ ಆಂಟಿಯೂ ಸರದಿಯ ಮೇಲೆ ಹಡರ್ಸ್‌ಫೀಲ್ಡಿಗೆ ಹೋಗುತ್ತೇವೆ. ನಾನು ಬೆಳ್ಳುಳ್ಳಿ, ಕಾಳುಮೆಣಸು ಅಂದರೆ ಅವರು ಶುಂಠಿ, ವಿನೆಗರ್ ಅನ್ನುತ್ತಾರೆ. ತಣ್ಣೀರು ಮುಟ್ಟಬಾರದು, ತಲೆಗೆ ಗಾಳಿ ತಾಗಬಾರದು, ಈ ಎರಡರಲ್ಲಿ ಮಾತ್ರ ನಮಗೆ ಭಾರೀ ಒಗ್ಗಟ್ಟು. ಮಿಡ್‌ವೈಫ್ ಬಂದು ಕಿಟಕಿ ತೆರೆದು ಹೋಗುವುದು, ನಾವಿಬ್ಬರೂ ಓಡಿಹೋಗಿ ಮುಚ್ಚುವುದು. ಇವರು ಮಗುವನ್ನು ಎತ್ತಿಕೊಂಡು ತುಳುವಿನಲ್ಲಿ ಏನೋ ಗುನುಗುತ್ತಿರುತ್ತಾರೆ.

ಇನ್ನು ನಾನು ಈ ಕಾಗದ ಬರೆಯಲು ಕಾರಣವಾದ ಸುದ್ದಿ. ಮೊನ್ನೆ ಭಾವ ಮೆಲ್ಲಗಿನ ದನಿಯಲ್ಲಿ ಹೇಳಿದರು. ಮಗು ಹುಟ್ಟಿತು ಅಂತ ಕೇಳಿದ ದಿನದಿಂದ ನೀನು ನಾಗಬನಕ್ಕೆ ದೀಪ ಇಡಲಿಲ್ಲವಂತೆ. ಬಿಸುವಿಗೆ ಕಣಿಯೂ ಇಲ್ಲ. ಯಾಕೆ ಅಂತ ಕೇಳಿದ ನೆರೆಮನೆಯವರಿಗೆ, “ನಮಗೆ ಅಮೆ ಉಂಟು” ಅಂದಿಯಂತೆ. ನಮ್ಮಲ್ಲಿ ಮಗು ತಾಯಿಯ ಬಳಿಗೆ, ಅಂದರೆ ತಾಯಿಯ ವಂಶಕ್ಕೆ ಸೇರುವುದು ಅಂತ ನನಗೆ ಹೇಳಿಕೊಟ್ಟವಳು ನೀನೇ. ಲಾವ್ ಅನ್ನುವ ಹೆಸರು ಎಷ್ಟು ದೊಡ್ಡದಾಗಿ ಬರೆದರೂ ಅವಳು ನಿನ್ನ ಬಳಿಯವಳೇ, ನಮ್ಮ ನಾಗನ ಮಗುವೇ. ಅದನ್ನು ನೀನು ಊರಿಗೆಲ್ಲ ಹೇಳಿದಿ, ನಮಗೊಬ್ಬರಿಗೆ ಬಿಟ್ಟು. ಅಮೆ ಹಿಡಿಯಲು ಬಂದವಳಿಗೆ ಫೋನ್ ಹಿಡಿಯಲು ಬರುವುದಿಲ್ಲವಾ?

ನಾಗರ ಪಂಚಮಿಗೆ ಎಲ್ಲರೂ ಊರಿಗೆ ಬರುವುದೆಂದು ಮಾಡಿದ್ದೇವೆ. ಮಗುವನ್ನು ತೊಟ್ಟಿಲಿಗೆ ಹಾಕಿಲ್ಲ. ಹಿರಿಯಳಾದ ನೀನು ಕಿವಿಯಲ್ಲಿ ಹೆಸರು ಹೇಳಬೇಕು ಅಂತ ಚರಿಷ್ಮಾ ಹಠ ಹಿಡಿದು ಕೂತಿದ್ದಾಳೆ. ಬರ್ತ್ ಸರ್ಟಿಫಿಕೇಟಿಗಾದರೂ ಬೇಗ ಹೆಸರು ಬೇಕು, ಅದನ್ನು ಫೋನಿನಲ್ಲೇ ಹೇಳು ಸಾಕು.

ಭಾವನಿಗೆ ನಮಸ್ಕಾರ ತಿಳಿಸು. ಮಂಡಿನೋವಿಗೆ ಎಣ್ಣೆ ಕಳಿಸುತ್ತೇನೆ, ಹಚ್ಚಿಕೋ. ನಮ್ಮ ಬನದ ನಾಗ ನಿನ್ನನ್ನು ತಂಪಾಗಿಟ್ಟಿರಲಿ. ನಿನ್ನ ಆಶೀರ್ವಾದ ಈ ಕೂಸಿನ ತಲೆಯ ಮೇಲಿರಲಿ.

ನಿನ್ನ ತಂಗಿ,
ಚಿತ್ರಾಕ್ಷಿ

ಇನ್ನೊಂದು ಮಾತು: ಇದನ್ನು ಬರೆಯಬಾರದು ಅಂತಿದ್ದೆ. ಹೆರಿಗೆಯ ದಿನ ಅಳಿಯನನ್ನು ಚಹಾಕ್ಕೆ ಕಳಿಸಿ ನಾನೊಬ್ಬಳೇ ಅವಳ ಹತ್ತಿರ ಇದ್ದೆ. ನೋವು ಏರಿದಾಗ ಅವಳು ಕಣ್ಣು ಬಿಗಿಯಾಗಿ ಮುಚ್ಚಿ, “ದೊಡ್ಡಮ್ಮಾ, ದೊಡ್ಡಮ್ಮಾ” ಅಂತ ಕೂಗಿದಳು. ಅಮ್ಮಾ ಅನ್ನಲಿಲ್ಲ ಅಕ್ಕಾ, ಒಂದು ಸಲವೂ ಅನ್ನಲಿಲ್ಲ. ನರ್ಸ್ ನನ್ನ ಕಡೆ ನೋಡಿ ನಗುತ್ತಾ, “ಅಮ್ಮನನ್ನು ಕರೆಯುತ್ತಿದ್ದಾಳಾ?” ಅಂತ ಕೇಳಿದಳು. ಹೌದು ಅಂದೆ. ಅವಳ ಹಣೆ ಒರೆಸಿ, ಕಿವಿಯ ಹತ್ತಿರ ಬಾಗಿ, ನಿನ್ನ ದನಿ ಮಾಡಿ, “ಇಲ್ಲೇ ಇದ್ದೇನೆ ಮಗಾ” ಅಂದೆ. ಆಗ ಅವಳು ನನ್ನ ಕೈ ಹಿಡಿದುಕೊಂಡಳು.