ಇಳಿಯದ ಮುಳ್ಳು

ಏಪ್ರಿಲ್ 11, ಬೆಳಗ್ಗೆ

ಏಣಿ ಹತ್ತಿ ಎರಡೂ ರೆಕ್ಕೆಯ ಟ್ಯಾಂಕುಗಳಿಗೆ ಅಳತೆಕೋಲು ಇಳಿಬಿಟ್ಟೆ. ಮೇಲಿನ ಗೆರೆಯವರೆಗೂ ಒದ್ದೆ. ಪೂರ್ತಿ ತುಂಬಿದೆ. ಮೀಟರಿನ ಮುಳ್ಳುಗಳೂ ಹಾಗೇ ಹೇಳುತ್ತಿವೆ — ಹೇಳಲಿ, ಈ ಹಳೆಯ ಸೆಸ್ನಾ ವಿಮಾನದಲ್ಲಿ ಅವನ್ನು ನಂಬುವವರಿಲ್ಲ. ಕೋಲು, ಗಡಿಯಾರ, ಅಷ್ಟೇ.

ಇವತ್ತು ಪ್ರಯಾಣಿಕರು ಐಲ್ಸಾ ಒಬ್ಬರೇ. ಎಪ್ಪತ್ತು ದಾಟಿದೆ. ಕೂಪರ್ ಹೊಳೆಯ ಕೆಳದಂಡೆಯಲ್ಲಿ ದನ ಸಾಕಿಯೇ ಬದುಕು ಕಳೆದವರು. ಆ ಹೊಳೆಯಲ್ಲಿ ನೀರು ಮಾತ್ರ ಕಂಡಿಲ್ಲ. ಹಿಂದೊಮ್ಮೆ ನೀರು ಬಂದಾಗ ಅಡಿಲೇಡಿನ ಶಾಲೆಯ ಹಾಸ್ಟೆಲಿನಲ್ಲಿದ್ದರಂತೆ. ಈ ಸಲ ಉತ್ತರದಲ್ಲಿ ಭಾರಿ ಮಳೆ. ನೀರು ಎಲ್ಲಿಗೆ ಬಂತೋ ಮೇಲಿಂದ ನೋಡಬೇಕಂತೆ.

ಮಧ್ಯಾಹ್ನ

ಕ್ಷೇಮ.

ಹಾರಿ ಗಂಟೆ ಮೀರಿತ್ತು. ಎಡಗಡೆಯ ಮುಳ್ಳು ಇಳಿದಿತ್ತು. ಬಲಗಡೆಯದು ತುಂಬಿದಲ್ಲೇ ನಿಂತಿತ್ತು. ಎಂಜಿನ್ ಎರಡರಿಂದಲೂ ಕುಡಿಯುತ್ತಿದೆ... ಇದೊಂದು ಇಳಿಯದಿರುವುದು ಹೇಗೆ? ಗಾಜು ತಟ್ಟಿದೆ. ಕದಲಲಿಲ್ಲ. ಕೆಳಗೆ ಐಲ್ಸಾ ಅವರ ಹಳೆಯ ಜಾಗ — ಖಾಲಿ ಮನೆ, ಮಣ್ಣಿನ ರನ್‌ವೇ. ಇಳಿಯುತ್ತೇನೆಂದೆ.

"ತುಂಬಿದೆ ಅಂತ ತೋರಿಸ್ತಾ ಇದ್ಯಲ್ಲ ಮಗಳೇ. ನೀರು ಇನ್ನೇನು ಆ ದಿಬ್ಬದ ಆಚೆಗಿರುತ್ತೆ."

"ಅದೇ ತೊಂದ್ರೆ ಐಲ್ಸಾ. ಇಷ್ಟು ಹೊತ್ತು ಹಾರಿದ ಮೇಲೂ ತುಂಬಿದೆ ಅಂದ್ರೆ ಅದು ಸುಳ್ಳು."

ಮುಖ ತಿರುಗಿಸಿಕೊಂಡರು.

ಇಳಿದವಳೇ ಬಲ ಟ್ಯಾಂಕಿಗೆ ಕೋಲು ಹಾಕಿದೆ. ತುದಿ ಕೂಡ ನೆನೆಯಲಿಲ್ಲ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿತ್ತು. ಅಲ್ಲಿಂದ ರೆಕ್ಕೆಯ ಹಿಂಬದಿಯವರೆಗೆ ಪೆಟ್ರೋಲಿನ ನೀಲಿ ಕಲೆ. ನಮ್ಮ ತಲೆಯ ಮೇಲೇ, ಕೂತಲ್ಲಿಂದ ಕಾಣದಂತೆ, ಗಾಳಿ ಎಲ್ಲವನ್ನೂ ಹೀರಿತ್ತು.

ವಿಮಾನದ ಯಜಮಾನ ಡೂಗಲ್‌ಗೆ ಉಪಗ್ರಹ ಫೋನಿನಲ್ಲಿ ಕರೆ ಮಾಡಿದೆ. ಟ್ಯಾಂಕಿನೊಳಗೆ ಇರುವುದು ರಬ್ಬರ್ ಚೀಲ, ಅಂದ. ಗಾಳಿ ಆ ಚೀಲವನ್ನೂ ಮೇಲಕ್ಕೆಳೆದಿದೆ. ಅದರ ತಳ, ಪೆಟ್ರೋಲಿನ ಜೊತೆ ಏರಿಳಿಯಬೇಕಾದ ಮೀಟರಿನ ತೇಲುಬುರುಡೆಯನ್ನು ಎತ್ತಿ ಹಿಡಿದಿದೆ. ಒಳಗೆ ಖಾಲಿಯಾಗುತ್ತಿದ್ದರೂ ಮುಳ್ಳು ತುಂಬಿದೆ ಎನ್ನುತ್ತಿತ್ತು. ಇಷ್ಟು ವಿವರಿಸಿದ. ಆಮೇಲೆ, "ಅಲ್ಲೇ ಇರು ಮೆರಿನ್. ನಾನೇ ಬರ್ತೀನಿ."

ಏಪ್ರಿಲ್ 12

ಡೂಗಲ್ ಇನ್ನೂ ದಾರಿಯಲ್ಲಿ. ಡಬ್ಬಿಯ ಬೀನ್ಸ್, ಹಾಲಿಲ್ಲದ ಚಹಾ.

ಐಲ್ಸಾ ಬಂದು ನನ್ನ ತೋಳು ಹಿಡಿದು ಹೊಳೆಯ ಕಡೆ ಎಳೆದುಕೊಂಡು ಹೋದರು. ಹೊಳೆಯ ಒಣ ಪಾತ್ರದಲ್ಲಿ ಮೊದಲು ಬಂದದ್ದು ಸದ್ದು — ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ. ನೆಲದ ಬಿರುಕುಗಳು ಬರುತ್ತಿದ್ದ ನೀರನ್ನು ಕುಡಿಯುತ್ತಿದ್ದವು, ಗುಳ್ಳೆ ಬಿಡುತ್ತಿದ್ದವು. ಅದರ ಮುಂದೆ ಜೇಡ, ಇರುವೆ, ಚೇಳುಗಳ ಓಟ. ಹಿಂದೆ ನೊರೆ, ಕಸ, ಕಡ್ಡಿ. ಮೇಲೆ ಹಕ್ಕಿಗಳು, ಎಲ್ಲಿಂದ ಬಂದವೋ. ಆಕಾಶದಲ್ಲಿ ಒಂದೂ ಮೋಡವಿಲ್ಲ. ಯಾವ ದೇಶದ ಮಳೆಯೋ, ಅಂಬೆಗಾಲಿಟ್ಟು ಬರುತ್ತಿತ್ತು.

ಐಲ್ಸಾ ಬೂಟು ಬಿಚ್ಚಿ ಎದುರು ನಿಂತರು. ನೀರು ಬೆರಳು ಮುಟ್ಟಿತು, ಪಾದ ಸುತ್ತಿತು, ಮುಂದೆ ಹೋಯಿತು.

"ತಣ್ಣಗಿದೆ," ಅಂದರು.

ಇದನ್ನು ತೋರಿಸಲೆಂದೇ ಜನರನ್ನು ಹಾರಿಸುವವಳು ನಾನು. ಮೇಲಿಂದ ಅದು ಬರೀ ಹೊಳಪು. ಇದಕ್ಕೆ ಉಸಿರಿದೆ.

ಏಪ್ರಿಲ್ 13

ಡೂಗಲ್ ದಿಬ್ಬದ ದಾರಿಯಿಂದ ಬಂದ. ಪೆಟ್ರೋಲಿನ ಪೀಪಾಯಿ, ಹೊಸ ಮುಚ್ಚಳ. ಚೀಲವನ್ನು ಒಳಗಿಂದ ಸರಿಮಾಡಿದ. ವಿಮಾನವನ್ನು ಸಮತಟ್ಟು ನೆಲಕ್ಕೆ ತಳ್ಳಿ ತುಂಬಿಸಿದೆವು. ಅವನು ಕೋಲು ಹಾಕಿದ. ನಾನೂ ಹಾಕಿದೆ.

ರನ್‌ವೇಯ ಆ ತುದಿ ಆಗಲೇ ನೀರಿನಿಂದ ಮಿನುಗುತ್ತಿದೆ. ಹೊರಡಬೇಕು. ಐಲ್ಸಾ ಹತ್ತುವುದಿಲ್ಲವಂತೆ. ಆಮೇಲೆ ಡೂಗಲ್‌ನ ಗಾಡಿಯಲ್ಲಿ ಬರುತ್ತಾರಂತೆ.

"ನೀನು ಹೋಗಮ್ಮ. ನಾನು ಸ್ವಲ್ಪ ಈ ನೀರಿನ ಜೊತೆ ನಡೀತೀನಿ."

ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಡೂಗಲ್ ಹೊರಡು ಎಂದು ಕೈ ಬೀಸುತ್ತಿದ್ದಾನೆ. ಒಂದು ನಿಮಿಷ. ನೀರು ಇನ್ನೂ ಮುಟ್ಟದ ಪಾತ್ರದಲ್ಲಿ ಬರಿಗಾಲಿನ ಐಲ್ಸಾ. ನೀರು ಹಿಮ್ಮಡಿ ಮುಟ್ಟಿದರೆ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾರೆ, ತಿರುಗಿ ನಿಂತು ಕಾಯುತ್ತಾರೆ, ಅದು ಬರುತ್ತದೆ, ಮತ್ತೆ —